ಹತ್ತನೆಯ ಸಹಿ

ವಾರ್ಡಿನ ಉಪಚುನಾವಣೆಗೆ ನಿಲ್ಲಲು ದರ್ಜಿಗೆ ಒಬ್ಬ ಸೂಚಕ ಕಡಿಮೆಯಿದ್ದ. ನಾಮಪತ್ರಕ್ಕೆ ಹತ್ತು ಮತದಾರರ ಸಹಿ ಬೇಕು, ಒಂಬತ್ತಾಗಿತ್ತು. ಮೂರು ಗಂಟೆಗೆ ಗಡುವು. ಎರಡೂವರೆಗೆ ಅತ್ತಿಗೆಯಿಂದ ಸಹಿ ಹಾಕಿಸಿಕೊಂಡು, ಅವಳನ್ನೂ ಕರೆದುಕೊಂಡು ಚುನಾವಣಾ ಕಚೇರಿಗೆ ಓಡಿದ.

ಅಧಿಕಾರಿ ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡಿದರು. "ಈಯಮ್ಮ ಬೆಳಿಗ್ಗೆ ಇಸ್ತ್ರಿ ಅಂಗಡಿಯವರ ನಾಮಪತ್ರಕ್ಕೂ ಸಹಿ ಹಾಕಿದ್ದಾರಲ್ರೀ. ಒಬ್ರು ಒಬ್ಬರನ್ನಷ್ಟೇ ಸೂಚಿಸಬಹುದು. ಮೊದಲು ಬಂದಿದ್ದೇ ಲೆಕ್ಕಕ್ಕೆ."

"ಏನತ್ತಿಗೆ ಇದು?"

"ಬಾಗಿಲಿಗೆ ಬಂದು ಕೇಳ್ದ, ಹಾಕ್ಕೊಟ್ಟೆ. ಸಹಿ ಹಾಕಿದ್ರೆ ಕೈ ಸವೆಯುತ್ತಾ? ನನ್ನ ವೋಟು ಮಾತ್ರ ನಿಂಗೇ ಕಣೋ."

"ವೋಟು ಹಾಕೋಕೆ ನಾನು ನಿಂತಿರ್ಬೇಕಲ್ಲ!"

ಇನ್ನೊಬ್ಬರನ್ನು ಹುಡುಕಿ ತರುವಷ್ಟರಲ್ಲಿ ಮೂರು ದಾಟಿತು. ಒಂಬತ್ತು ಸಹಿ, ಅವನೇ ಹೊಲಿದಿಟ್ಟಿದ್ದ ನಲವತ್ತು ಬಾವುಟ, ಅತ್ತಿಗೆಯ ಒಂದು ವೋಟು ವ್ಯರ್ಥವಾದವು.