ಎಲೆ ತಿಂದ ಮಾತು

"ನೀನ ಮಾತು ಕೊಟ್ಟೀದಿ ಪಕೀರಿ. ಈಗ ನೆನಪಿಲ್ಲ ಅಂದ್ರ ಹೆಂಗ?"

ಬೆಳಗಿನಿಂದ ಪಂಪಾವತಿ ಹೀಗೆ ಹೇಳಿದ್ದು ಇದು ನಾಲ್ಕನೆಯ ಸಲ. ಹೇಳುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಅದೂ ಪಕೀರಮ್ಮನ ಒಲೆಯ ಮುಂದೆ, ಪಕೀರಮ್ಮನ ಪರಾತದಲ್ಲಿ, ಪಕೀರಮ್ಮನದೇ ಮಣೆಯ ಮೇಲೆ ಕೂತು. ಪಕೀರಮ್ಮ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂದ ಬೀಗರ ಹಾಗೆ ಕೂತಿದ್ದಳು. ಆಕೆಯ ಎದೆಯ ಎಲುಬನ್ನು ಸೀಳಿ, ಒಳಗೆ ಲೋಹದ ವಾಲ್ವ್ ಕೂಡಿಸಿ, ತಂತಿಯಿಂದ ಹೊಲಿದು ಎರಡೂವರೆ ತಿಂಗಳಾಗಿತ್ತು. ಮೂರು ತಿಂಗಳು ರೊಟ್ಟಿ ಬಡಿಯಬಾರದು, ಕೊಡ ಎತ್ತಬಾರದು, ಸಿಟ್ಟು ಮಾಡಿಕೊಳ್ಳಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೂರನೆಯ ಮಾತು ಮನೆಯವರಿಗೆ ಬಹಳ ಅನುಕೂಲವಾಗಿತ್ತು. ಪಕೀರಮ್ಮ ಬಾಯಿ ತೆರೆದಳೆಂದರೆ ಸಾಕು, "ಸಿಟ್ಟಾಗಬ್ಯಾಡ, ಎದಿ ಒಡದೀತು" ಎನ್ನುತ್ತಿದ್ದರು.

ಪಂಪಾವತಿ ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಗೋಡೆಗೆ ಗೋಡೆ ಹತ್ತಿದ ಮನೆ. ಆಪರೇಶನ್ ಆದ ಮೇಲೆ ಈ ಅಡಿಗೆಮನೆಗೆ ಬಂದು ಕೂತವಳು, ಉಪ್ಪಿನ ಡಬ್ಬಿಯ ಜಾಗವನ್ನೂ ಬದಲಿಸಿದ್ದಳು. ಮಾಡಿದ್ದನ್ನು ಇಲ್ಲ ಎನ್ನಲಾಗದು, ಎರಡೂವರೆ ತಿಂಗಳು ಅನ್ನ ಹಾಕಿದ್ದಾಳೆ. ಆದರೆ ಹಾಕಿದ ಪ್ರತಿಯೊಂದು ತುತ್ತಿನ ಹಿಂದೆ ಗಂಗಾವತಿಯಲ್ಲಿದ್ದ ತನ್ನ ತಮ್ಮ ಅಯ್ಯಪ್ಪನ ಹೆಸರಿತ್ತು. ಅಯ್ಯಪ್ಪನಿಗೆ ಕಾಲುವೆ ನೀರಿನ ಹೊಲ, ಮೂವತ್ತಾರು ವಯಸ್ಸು, ಎಂಟೇ ತಿಂಗಳಿಗೆ ಕಪಾಳ ಊದಿಸಿಕೊಂಡು ತವರಿಗೆ ಹೋದ ಒಬ್ಬ ಹೆಂಡತಿ. ಪಕೀರಮ್ಮನ ಮಗಳು ರೂಪಾಗೆ ಇಪ್ಪತ್ತು. ಕೊಪ್ಪಳದಲ್ಲಿ ನರ್ಸಿಂಗ್ ಕೊನೆಯ ವರ್ಷ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂದರೆ ಇದೇ.

ಆಪರೇಶನ್ನಿನ ಹಿಂದಿನ ಸಂಜೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪಕೀರಮ್ಮ ತಾನಾಗಿಯೇ, "ನಾ ಉಳೀಲಿ ಬಿಡಲಿ, ರೂಪಾ ಅಯ್ಯಪ್ಪಗ" ಎಂದಳಂತೆ. ಕೇಳಿದವರು ಇಬ್ಬರು. ಒಬ್ಬಳು ಪಂಪಾವತಿ. ಇನ್ನೊಬ್ಬ ಪಕೀರಮ್ಮನ ಗಂಡ ವಿರುಪಣ್ಣ. ಅವನನ್ನು ಕೇಳಿದರೆ "ವೈನಿ ಹೇಳಿದ ಮ್ಯಾಲೆ ಇರಬೇಕು" ಎಂದು ಅತ್ತಿಗೆಯ ಮೇಲೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ. ತಾಲ್ಲೂಕು ಕಚೇರಿಯಲ್ಲಿ ಜವಾನನಾಗಿ ಇಪ್ಪತ್ತೈದು ವರ್ಷ ಎಲ್ಲರಿಗೂ ಹೂಂ ಅಂದು ಅಂದು ಅವನ ಕತ್ತಿಗೆ ಬೇರೆ ದಿಕ್ಕಿಗೆ ಆಡುವುದೇ ಗೊತ್ತಿರಲಿಲ್ಲ.

ಅಲ್ಲ ಎನ್ನೋಣವೆಂದರೆ ಪಕೀರಮ್ಮನಿಗೆ ಆ ಸಂಜೆಯೇ ತಲೆಯಲ್ಲಿ ಇರಲಿಲ್ಲ. ಹದಿನೆಂಟು ವರ್ಷದಿಂದ ಯಲಬುರ್ಗಾದಲ್ಲಿ ಅಂಗನವಾಡಿ ಟೀಚರಾಗಿದ್ದವಳು. ನಲವತ್ತು ಮಕ್ಕಳ ಹೆಸರು, ಅವರ ಅವ್ವಂದಿರ ಹೆಸರು, ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ ಎಂಬುದು ಎಲ್ಲ ಬಾಯಿಪಾಠ. ಅಂಥವಳು ಆಸ್ಪತ್ರೆಯಿಂದ ಬಂದ ದಿನ, ಇಪ್ಪತ್ತು ವರ್ಷದಿಂದ ಎದುರು ಮನೆಯಲ್ಲಿರುವ ಅಬೇದಾಬಿಯನ್ನು ನೋಡಿ "ಯಾರವ್ವ ನೀನು" ಎಂದಿದ್ದಳು. ಹೆಸರು ಹೊಳೆದದ್ದು ಮರುದಿನ. ಚಹಾಕ್ಕೆ ಎರಡು ಸಲ ಸಕ್ಕರೆ ಹಾಕುತ್ತಿದ್ದಳು, ಬಚ್ಚಲಿಗೆ ಹೋಗಿ ಯಾಕೆ ಬಂದೆ ಎಂದು ನಿಲ್ಲುತ್ತಿದ್ದಳು, ಏನೂ ಇಲ್ಲದೆ ಅಳು ಬರುತ್ತಿತ್ತು. ಆಪರೇಶನ್ನಿನಲ್ಲಿ ಎದೆಬಡಿತ ನಿಲ್ಲಿಸಿ ಮಶೀನಿನಿಂದ ರಕ್ತ ಓಡಿಸುತ್ತಾರೆ, ಕೆಲವರಿಗೆ ಹೀಗಾಗುತ್ತದೆ, ಬರಬರುತ್ತ ತಿಳಿಯಾಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅಷ್ಟನ್ನೂ ಪಂಪಾವತಿ ಓಣಿಯ ತುಂಬ "ತಲಿ ಹೋಗೇತಿ" ಎಂಬ ಎರಡು ಮಾತಿನಲ್ಲಿ ಮುಗಿಸಿದ್ದಳು.

ಮಾತು ಕೊಟ್ಟಿದ್ದರೆ ಪಕೀರಮ್ಮ ತಪ್ಪುವವಳಲ್ಲ. ಅದು ಪಂಪಾವತಿಗೆ ಗೊತ್ತು. ರೂಪಾಗೂ ಗೊತ್ತು. ಅದಕ್ಕೇ ಹದಿನೈದು ದಿನದಿಂದ ಮಗಳು ತಾಯಿಯ ಜೊತೆ ಮಾತು ಬಿಟ್ಟಿದ್ದಳು. ಗುಳಿಗೆ ಎಣಿಸಿ ಅಂಗೈಗೆ ಹಾಕುವಳು, ನೀರು ಕೊಡುವಳು, ಮುಖ ನೋಡುತ್ತಿರಲಿಲ್ಲ. "ನನಗ ನೆನಪಿಲ್ಲ ರೂಪಾ" ಎಂದದ್ದಕ್ಕೆ ಒಮ್ಮೆ ಮಾತ್ರ ಉತ್ತರ ಕೊಟ್ಟಿದ್ದಳು.

"ನೆನಪಿಲ್ಲ ಅಂದ್ರ ಕೊಟ್ಟಿಲ್ಲ ಅಂತಲ್ಲವ್ವ."

ಹನ್ನೊಂದರ ಬಸ್ಸಿಗೆ ಅಳವಂಡಿಯಿಂದ ಕೊಟ್ರಬಸಪ್ಪಜ್ಜ ಬಂದ. ವಿರುಪಣ್ಣನ ಸೋದರಮಾವ, ಮನೆತನಕ್ಕೆ ಹಿರಿಯ. ಅವನ ಹಿಂದೆಯೇ ಗಂಗಾವತಿಯಿಂದ ಜೀಪಿನಲ್ಲಿ ಅಯ್ಯಪ್ಪ. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನಡುವೆ ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಅಯ್ಯಪ್ಪ ಗೋಡೆಗೆ ಒರಗಿ ಕಾಲು ಚಾಚಿ ಆಗಲೇ ಅಳಿಯನ ಹಾಗೆ ಕೂತ. ಒಳಗೆ ರೂಪಾ ನೀರಿನ ತಂಬಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿದ್ದು ಹೊರಗೆ ಕೇಳಿಸಿತು.

ಅಜ್ಜ ಹಳೆಯ ಕಾಲದವನು. ಹೆಣ್ಣು ಹಡೆದವಳ ಬಾಯಿಂದ ಕೇಳದೆ ಎಲೆ ಮುಟ್ಟುವುದಿಲ್ಲ ಎಂದ. ಪಕೀರಮ್ಮನನ್ನು ಕುರ್ಚಿ ಸಮೇತ ಹೊಸ್ತಿಲ ಹತ್ತಿರ ತಂದು ಕೂಡಿಸಿದರು.

ಪಕೀರಮ್ಮ ಇದ್ದದ್ದನ್ನು ಹೇಳಿದಳು. ಆ ಸಂಜೆಯದು ತನಗೆ ಏನೂ ನೆನಪಿಲ್ಲ. ಕೊಟ್ಟೆ ಎನ್ನಲಾರೆ, ಕೊಟ್ಟಿಲ್ಲ ಎನ್ನಲೂ ಆರೆ.

ಅಯ್ಯಪ್ಪ ಕಾಲು ಮಡಚಿದ. ಎರಡು ಬಾಟಲಿ ರಕ್ತ ಕೊಡಿಸಿದವನು ತಾನು, ಅದರಲ್ಲಿ ಒಂದು ತನ್ನ ಮೈಯದೇ, ಆಗ ಒಲ್ಲೆ ಎನ್ನದವರು ಈಗ ಮರೆವಿನ ನೆವ ತೆಗೆಯುತ್ತಾರೆ ಎಂದು ಅಜ್ಜನಿಗೆ ದೂರಿದ. ಪಂಪಾವತಿ ಸೆರಗು ಹೊದ್ದು ಬಾಗಿಲಿಗೆ ಬಂದಳು. ತನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಮೈದುನನನ್ನೇ ಕೇಳಿ ಎಂದಳು. ವಿರುಪಣ್ಣ ಜಮಖಾನದ ನೂಲು ಕೀಳುತ್ತ ಕೂತಿದ್ದ. ಹೂಂ ಎಂದ.

ಅಜ್ಜನಿಗೆ ಅದು ಸಾಲಲಿಲ್ಲ. ಬಾಯಲ್ಲಿ ಆಡಿದ್ದೆಲ್ಲ ಮಾತಲ್ಲ, ಸಂತೆಯಲ್ಲಿ ನಾನೂ ಹತ್ತು ಆಡುತ್ತೇನೆ ಎಂದ. ಅವರಲ್ಲಿ ಎಲೆ ತಿಂದರೆ ಮಾತು. ಹೆಣ್ಣಿನ ತಾಯಿ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡು ಜಗಿದಳೆಂದರೆ ಮುಗಿಯಿತು, ಆಮೇಲೆ ಒಲ್ಲೆ ಎಂದವರ ಮನೆಯಲ್ಲಿ ನೀರು ಕುಡಿಯುವವರಿಲ್ಲ. ತಿನ್ನದಿದ್ದರೆ ಅದು ಬರೀ ಹರಟೆ.

"ಎಲಿ ತಿಂದಾಳೇನಬೇ ಪಂಪಾವತಿ? ಅದನ್ನ ಹೇಳು."

ಪಂಪಾವತಿ ಒಂದು ಕ್ಷಣವೂ ತಡೆಯಲಿಲ್ಲ. ಇಪ್ಪತ್ತು ವರ್ಷ ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ನೆಗೆಣ್ಣಿಯರಿಬ್ಬರೂ ಎಲೆ ಹಾಕಿಕೊಂಡವರು. ಪಕೀರಮ್ಮ ಅಡಿಕೆ ಕಡಿಯುವುದನ್ನು ಸಾವಿರ ಸಲ ನೋಡಿದ್ದಳು, ಆ ನೋಡಿದ್ದನ್ನೇ ಎತ್ತಿ ಆಸ್ಪತ್ರೆಯ ಮಂಚದ ಮೇಲೆ ಇಟ್ಟಳು.

"ತಿಂದಾಳಲ್ಲ ಯಜ್ಜ. ನನ್ನ ಸಂಚಿಯಾಗಿಂದನ ಕೊಟ್ಟೆ. ಇಡೀ ಅಡಿಕಿ ಬಾಯಾಗ ಹಾಕ್ಕೊಂಡು ಕಟಕಟ ಕಡದ್ಲು. ಬಾಯಿ ಕೆಂಪಗಾಗಿತ್ತು. ಬೇಕಾರ ಆಣಿ ಮಾಡ್ತೀನಿ."

ಪಕೀರಮ್ಮನ ನಾಲಗೆ ತನ್ನಷ್ಟಕ್ಕೆ ಬಲಗಡೆಯ ದವಡೆಗೆ ಹೋಯಿತು. ಅಲ್ಲಿ ಹಲ್ಲಿರಲಿಲ್ಲ. ಎಡಗಡೆಗೆ ಹೋಯಿತು. ಅಲ್ಲಿಯೂ ಇರಲಿಲ್ಲ. ಎರಡೂವರೆ ತಿಂಗಳಿಂದ ದಿನವೂ ಆ ಖಾಲಿ ಜಾಗದಲ್ಲಿ ಹೊರಳುತ್ತಿದ್ದ ನಾಲಗೆಗೆ ಇವತ್ತು ಅದರ ಜೊತೆ ಬೇರೆ ಏನೋ ಸಿಕ್ಕಿತು. ಅರಳೆಯ ರುಚಿ, ಲವಂಗದೆಣ್ಣೆಯ ಘಾಟು. ಹುಳುಕು ಹಲ್ಲಿನ ನಂಜು ಹೊಸ ವಾಲ್ವಿಗೆ ಏರೀತು, ಮೊದಲು ಅವನ್ನು ಕೀಳಿಸಿಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದು. ಆಪರೇಶನ್ನಿಗೆ ಎಂಟು ದಿನ ಮುಂಚೆ ನಾಲ್ಕು ದವಡೆ ಹಲ್ಲು ಒಂದೇ ದಿನ ಕಿತ್ತದ್ದು. ಆಮೇಲೆ ಬಾಯಿ ಬಿಡಲಾಗದೆ ಮಲಗಿದ್ದು. ಸ್ಟೀಲಿನ ಚಮಚ ಹಿಡಿದು ಬಾಯಿಯ ಮುಂದೆ ಚಾಚಿದ್ದ ಒಂದು ಕೈ.

ಎದೆಯೊಳಗೆ ವಾಲ್ವಿನ ಟಿಕ್‌ಟಿಕ್ ಜೋರಾಯಿತು. ಎಷ್ಟು ದಿನದ ಸಿಟ್ಟೋ, ಕಾಲಿನಿಂದ ಏರಿ ಬಂತು. ಅಳು ಬರಲಿಲ್ಲ. ಅದೇ ಅವಳಿಗೆ ಸೋಜಿಗವೆನಿಸಿತು. ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

"ಯಾವ ಹಲ್ಲಿಲೆ ಕಡದ್ನೆಕ್ಕ?"

ಹಾಗೆಂದು ಹಿರಿಯರ ಮುಂದೆ, ಗಂಡಸರ ಮುಂದೆ ಸೆರಗು ಸರಿಸಿ ಬಾಯಿ ಅಗಲ ತೆರೆದಳು. ಬೆರಳು ಹಾಕಿ ಕೆನ್ನೆ ಎಳೆದು ಒಂದು ಕಡೆ ತೋರಿಸಿದಳು, ಇನ್ನೊಂದು ಕಡೆ ತೋರಿಸಿದಳು. ಕೊಟ್ರಬಸಪ್ಪಜ್ಜ ಕನ್ನಡಕ ಏರಿಸಿ, ದನದ ವಯಸ್ಸು ನೋಡುವವನ ಹಾಗೆ ಬಗ್ಗಿ ನೋಡಿದ. ನಾಚಿಕೆಯೆಲ್ಲ ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದ ಪಕೀರಮ್ಮ ಅಜ್ಜ ನೋಡಿ ಮುಗಿಸುವ ತನಕ ಬಾಯಿ ಮುಚ್ಚಲಿಲ್ಲ.

ಆಮೇಲೆ ಗಂಡನ ಕಡೆ ತಿರುಗಿದಳು.

"ಹಲ್ಲ ಕೀಳಸಾಕ ಕರಕೊಂಡು ಹೋದವ್ರು ನೀವು. ಆಪರೇಶನ್ ಆಗೂತನಕ ನಾ ಏನ ತಿಂತಿದ್ದೆ, ಹೇಳ್ರಿ."

ವಿರುಪಣ್ಣ ಜಮಖಾನ ನೋಡಿದ. ಅತ್ತಿಗೆಯನ್ನು ನೋಡಿದ. ಎಲ್ಲಿಂದಲೋ ಟಿಕ್, ಟಿಕ್ ಎಂದು ಸಣ್ಣ ಸಪ್ಪಳ ಕೇಳಿಸಿತು. ಅಜ್ಜ ತಲೆಯೆತ್ತಿ ಗೋಡೆಯ ಮೇಲೆ ಗಡಿಯಾರ ಹುಡುಕಿದ. ಗೋಡೆಯ ಮೇಲೆ ಗಡಿಯಾರ ಇರಲಿಲ್ಲ. ಸಪ್ಪಳ ಎಲ್ಲಿಂದ ಬರುತ್ತದೆ ಎಂದು ತಿಳಿದ ಮೇಲೆ ಅವನೂ ಜಮಖಾನ ನೋಡಿದ.

"ರವಾ ಗಂಜಿ," ಎಂದ ವಿರುಪಣ್ಣ. "ನಾನ ಕುಡಸ್ತಿದ್ದೆ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಯಾರಿಗಾದರೂ ಎದುರಾಗಿ ಆಡಿದ ಮಾತು ಇಷ್ಟೇ. ಆಡಿ ಮುಗಿಸಿ, ಯಾರೋ ಹೊಡೆದ ಹಾಗೆ ತಲೆ ತಗ್ಗಿಸಿದ.

ಪಂಪಾವತಿ ಅಡಿಕೆ ಅಲ್ಲ, ಪುಡಿ ಇರಬೇಕು, ಎಲೆಯಷ್ಟೇ ಇರಬೇಕು ಎಂದು ಏನೇನೋ ಹೇಳತೊಡಗಿದಳು. ಅಜ್ಜ ಕೈಯೆತ್ತಿದ. ತಲೆ ಹೋದವಳು ಯಾರು ಎಂಬುದು ತನಗೀಗ ತಿಳಿಯದಾಗಿದೆ ಎಂದ. ಅಯ್ಯಪ್ಪ ಎದ್ದು ನಿಂತ. ಅವನ ಕತ್ತಿನ ನರ ಉಬ್ಬಿತ್ತು.

"ನನ್ನ ರಕ್ತ ಐತಿ ನಿನ್ನ ಮೈಯಾಗ. ಅದನ್ನ ಮರೀಬ್ಯಾಡ."

"ಮರೆತಿಲ್ಲಪಾ," ಎಂದು ಪಕೀರಮ್ಮ ಕುಪ್ಪಸದ ತೋಳು ಏರಿಸಿ ಕೈ ಮುಂದೆ ಚಾಚಿದಳು. "ತಗೊಂಡು ಹೋಗು. ಸೂಜಿ ಚುಚ್ಚಾಕ ನನ್ನ ಮಗಳಿಗೆ ಬರತೈತಿ, ಕರೀಲೇನು?"

ಜೀಪು ಓಣಿಯ ಕೋಳಿಗಳನ್ನೆಲ್ಲ ಎಬ್ಬಿಸಿಕೊಂಡು ಹೋಯಿತು. ಅಜ್ಜ ಚಹಾ ಕುಡಿದು, ಎಲೆಯ ತಟ್ಟೆ ಮುಟ್ಟದೆ ಬಸ್ಸಿಗೆ ಹೊರಟ. ಅವನನ್ನು ಕಳಿಸುವ ನೆವದಲ್ಲಿ ವಿರುಪಣ್ಣನೂ ಜಾಗ ಖಾಲಿ ಮಾಡಿದ. ಪಂಪಾವತಿ ಒಳಗೆ ಹೋಗಿ ತಾನು ತಂದಿದ್ದ ರೊಟ್ಟಿಯ ಹಂಚನ್ನು ಬಿಸಿಬಿಸಿಯೇ ಬಟ್ಟೆಯಲ್ಲಿ ಹಿಡಿದುಕೊಂಡು ಬಂದಳು. ನಾಳೆಯಿಂದ ನಿನ್ನ ರೊಟ್ಟಿ ನೀನೇ ಬಡಿದುಕೋ, ಎದೆ ಬಿರಿದು ಸತ್ತರೆ ನನ್ನನ್ನು ಕೇಳಬೇಡ ಎಂದಳು. ಪಕೀರಮ್ಮ, ಸುಳ್ಳು ಹೇಳುವವರಿಗೆ ನೆನಪು ಗಟ್ಟಿ ಇರಬೇಕಕ್ಕ, ಅದು ಕೆಟ್ಟ ನಾನೇ ಸುಮ್ಮನಿದ್ದೆ, ನಿನಗೇನಾಗಿತ್ತು ಎಂದಳು. ಗೋಡೆಯ ಆ ಕಡೆ ಬಾಗಿಲು ಬಡಿದುಕೊಂಡಿತು. ಇನ್ನು ಹತ್ತು ವರ್ಷ ಅದು ಈ ಕಡೆಗೆ ತೆರೆಯುವ ಲಕ್ಷಣವಿರಲಿಲ್ಲ.

ರೂಪಾ ಹೊರಗೆ ಬಂದಳು. ಜಮಖಾನ ಸುತ್ತಲಿಲ್ಲ, ತಟ್ಟೆ ಎತ್ತಲಿಲ್ಲ. ತಾಯಿಯ ಎದುರು ನಿಂತು ಹದಿನೈದು ದಿನದ ಮೇಲೆ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು.

"ಎಲಿ ತಿಂದಿಲ್ಲ, ಖರೆ. ಬಾಯಿಲೆ ಅಂದಿದ್ಯೋ ಇಲ್ಲೋ, ಹೇಳು."

ಅಂದಿಲ್ಲ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಕೇಳುವವರು ಯಾರೂ ಉಳಿದಿರಲಿಲ್ಲ. ಪಕೀರಮ್ಮ ಆ ಸಂಜೆಯನ್ನು ಇನ್ನೊಮ್ಮೆ ತಡಕಿದಳು. ಹಲ್ಲಿನ ನೆನಪು ಸಿಕ್ಕ ಹಾಗೆ ಅದು ಸಿಗಲಿಲ್ಲ.

"ಅಂದಿದ್ರೂ ಅಂದಿರಬೇಕು," ಎಂದಳು. "ಸಾಯ್ತೀನಿ ಅಂತ ಭಾಳ ಅಂಜಿಕಿ ಇತ್ತು. ನಿನ್ನ ಯಾರಿಗಾರ ಒಪ್ಪಸಬೇಕು ಅನಿಸಿರಬೇಕು. ಈಗ ಆ ಅಂಜಿಕಿ ಇಲ್ಲ."

ರೂಪಾ ತಿರುಗಿ ಒಳಗೆ ಹೋದಳು. ಪಕೀರಮ್ಮ ಕುರ್ಚಿಯಲ್ಲಿ ಕೂತಳು. ಮಗಳು ಗುಳಿಗೆ ತರಲು ಹೋಗಿರಬೇಕು, ಮತ್ತೆ ಮುಖ ನೋಡದೆ ಅಂಗೈಗೆ ಹಾಕಿ ಹೋಗುತ್ತಾಳೆ ಎಂದುಕೊಂಡಳು. ಒಳಗೆ ಗೋಡೆಯ ಮಾಡದಲ್ಲಿ ಪಾತ್ರೆ ಸರಿಸಿದ ಸಪ್ಪಳವಾಯಿತು. ರೂಪಾ ಧೂಳು ಒರೆಸುತ್ತ ತಂದದ್ದು ತನ್ನ ಅಜ್ಜಿಯ ಕಬ್ಬಿಣದ ಕುಟ್ಟಾಣಿ. ಹಲ್ಲು ಹೋದ ಮೇಲೆ ಮುದುಕಿ ಅದರಲ್ಲೇ ಎಲೆ-ಅಡಿಕೆ ಕುಟ್ಟಿಕೊಂಡು ತಿನ್ನುತ್ತಿದ್ದಳು.

ರೂಪಾ ಜಮಖಾನದ ಮೇಲೆ ಕೂತು ತಟ್ಟೆ ಎಳೆದುಕೊಂಡಳು. ಒಂದು ಎಲೆ ತೆಗೆದು ತೊಡೆಗೆ ಒರೆಸಿದಳು. ಏನೋ ಲೆಕ್ಕ ಹಾಕಿ ಅದನ್ನು ನಡುವೆ ಹರಿದು ಅರ್ಧ ಬದಿಗಿಟ್ಟಳು.

"ರಕ್ತ ತೆಳ್ಳಗ ಮಾಡೂ ಗುಳಿಗಿ ನಡದಾವ, ಹಸರ ಎಲಿ ಭಾಳ ತಿನಬಾರದು. ಅರ್ಧಾನ ಸಾಕು," ಎಂದಳು. "ನನ್ನ ಕಾಲೇಜು ಮುಗಿಯೂತನಕ ನನ್ನ ಮದುವಿ ಸುದ್ದಿ ಯಾರೂ ಎತ್ತಬಾರದು. ನೀನೂ ಎತ್ತಬಾರದು."

ಅಡಿಕೆಯನ್ನು ಅಡಕತ್ತಿಯಲ್ಲಿ ಸಣ್ಣಗೆ ಕತ್ತರಿಸಿ ಕುಟ್ಟಾಣಿಗೆ ಹಾಕಿದಳು. ಸುಣ್ಣ ಸವರಿದ ಅರ್ಧ ಎಲೆ ಹಾಕಿದಳು. ಕುಟ್ಟತೊಡಗಿದಳು. ಕುಟ್ಟುವ ಸಪ್ಪಳದಲ್ಲಿ ವಾಲ್ವಿನ ಸಪ್ಪಳ ಕೇಳಿಸದಾಯಿತು. ನುಣ್ಣಗಾದ ಮೇಲೆ ಬೆರಳಿನಿಂದ ಬಳಿದು, ಉಂಡೆ ಮಾಡಿ, ಅಂಗೈಯಲ್ಲಿಟ್ಟು ತಾಯಿಯ ಮುಂದೆ ಹಿಡಿದಳು.

ಪಕೀರಮ್ಮ ಅದನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ರೂಪಾ ಅವ್ವನ ತುಟಿ ಕೆಂಪಾಗುವ ತನಕ ಅಲ್ಲಿಂದ ಏಳಲಿಲ್ಲ.