ನರಸಮ್ಮನ ಹಂಡೆ

ಮೂಡಲಪಾಳ್ಯದ ಸಂಘದವರು ತಮ್ಮ ಕೋಣೆಯಲ್ಲಿ ಬಡಾವಣೆಯ ಹಳೇ ಸಾಮಾನುಗಳ ಮ್ಯೂಸಿಯಂ ತೆರೆದಾಗ, ಮನೆಗೆ ಗೀಸರ್ ಹಾಕಿಸಿದ್ದ ನರಸಮ್ಮ ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಕೊಟ್ಟರು. ಪಾತ್ರೆಯನ್ನು ಖಾಲಿ ಕೊಡಬಾರದಲ್ಲ, ತಿಕ್ಕಿ ಬೆಳಗಿ ಅದರ ತುಂಬ ಬಿಸಿಬೇಳೆಬಾತ್ ತುಂಬಿಸಿ ಕೊಟ್ಟರು. ಉದ್ಘಾಟನೆಗೆ ಬಂದವರೆಲ್ಲ ತಿಂದು ಕೈ ತೊಳೆದು ಹೋದರು. ಆಮೇಲೆ ಅತ್ತ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

ಕೊನೆಗೆ ಸಂಘ ಕೋಣೆಯನ್ನು ಸೈಬರ್ ಕೆಫೆಗೆ ಬಾಡಿಗೆಗೆ ಕೊಟ್ಟಿತು. ನೊಣ ಹೊಡೆದು ಬೇಸತ್ತಿದ್ದ ಕಾರ್ಯದರ್ಶಿ ಕೃಷ್ಣಯ್ಯ ಖುಷಿಯಿಂದಲೇ ಹಂಡೆಯನ್ನು ಲಗೇಜ್ ಆಟೋಗೆ ಹೇರಿ ವಾಪಸ್ ತಂದರು.

ನರಸಮ್ಮ ಹೊಸ್ತಿಲಿಗೆ ಅಡ್ಡ ನಿಂತರು. "ಏನ್ರೀ ಕೃಷ್ಣಯ್ಯನೋರೆ, ಖಾಲಿ ತಂದಿದೀರಲ್ಲ? ನಾನು ಹಂಗಾ ಕೊಟ್ಟಿದ್ದು?"

"ಹಂಡೆ ತುಂಬ ಬಾತ್ ಎಲ್ಲಿಂದ ತರ್ಲಮ್ಮಾ?"

"ಏನಾದ್ರೂ ತುಂಬಿಸಿ. ಖಾಲಿ ಪಾತ್ರೆ ಒಳಗೆ ಬರಲ್ಲ."

ಕೃಷ್ಣಯ್ಯನವರಿಗೆ ಪಿತ್ತ ನೆತ್ತಿಗೇರಿತು. ನೀರಿನ ಹಂಡೆಗೆ ನೀರೇ ಸಾಕೆಂದು ಬೀದಿ ನಲ್ಲಿಯಿಂದ ಬಿಂದಿಗೆಯಲ್ಲಿ ಹೊತ್ತು ತುಂಬಿಸಿದರು. ನರಸಮ್ಮ ಬೆರಳು ಅದ್ದಿ ನೋಡಿದರು.

"ತಣ್ಣಗಿದೆ. ನಾನು ಕೊಟ್ಟಾಗ ಬಿಸಿಯಿತ್ತು."

ಕೃಷ್ಣಯ್ಯ ಆ ನೀರನ್ನೆಲ್ಲ ಚೆಲ್ಲಿ, ಬೀದಿಯಲ್ಲೇ ಮೂರು ಕಲ್ಲು ಹೂಡಿ ಹಂಡೆ ಕೂರಿಸಿ, ಮತ್ತೆ ತುಂಬಿಸಿ, ಸೌದೆ ಒಟ್ಟಿ, ಕಣ್ಣೀರು ಸುರಿಸುತ್ತ ಊದುಗೊಳವೆ ಊದಿದರು. ಹೊಗೆ ಕಂಡು ಬೀದಿಗೆ ಬೀದಿಯೇ ನೆರೆಯಿತು. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೋಡೋ, ಆಗೆಲ್ಲ ಹಿಂಗೇ ಕಾಯಿಸ್ತಿದ್ದಿದ್ದು" ಎಂದು ತೋರಿಸಿದರು.

ಹಿಂದೆ ನಿಂತಿದ್ದ ಒಬ್ಬ ಹೆಂಗಸು ಕತ್ತು ಚಾಚಿ ಕೇಳಿದಳು: "ಸಾರ್, ಇದು ನಾಳೆನೂ ಇರುತ್ತಾ? ನಮ್ಮತ್ತೇನೂ ಕರ್ಕೊಂಡು ಬರ್ತೀನಿ."