ಸೂರತ್ತಿಗೆ ಎರಡೇ ಗಂಟೆ

ನನ್ನ ತಂಗಿಯ ಮಗಳು ಸಿಂಧುವಿಗೆ ಸೂರತ್ತಿನಿಂದ ಸಂಬಂಧ ಬಂದಿತ್ತು. ಹುಡುಗ ನವೀನ್‌ಕುಮಾರ್ ನಮ್ಮ ದೊಡ್ಡಬಳ್ಳಾಪುರದವನೇ. ಸೂರತ್ತಿನಲ್ಲಿ ಪವರ್‌ಲೂಮ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಸಿಂಧುವಿಗೆ ಮನಸ್ಸಿತ್ತು, ತಂದೆತಾಯಿಗೂ ಒಪ್ಪಿಗೆಯಿತ್ತು. ಉಳಿದದ್ದು ಸಿಂಧುವಿನ ಅಜ್ಜಿ, ನನ್ನ ತಂಗಿಯ ಅತ್ತೆ ಅಂಜನಮ್ಮನವರ ನಿಯಮ. ಆ ನೇಕಾರರ ಮನೆಯ ಹೆಣ್ಣನ್ನು ಎಲ್ಲಿಗೆ ಕೊಟ್ಟರೂ ಸರಿ, ಇಂದು ಬೆಳಿಗ್ಗೆ ಅವಳನ್ನು ನೋಡಲು ಹೊರಟವರು ನಾಳೆ ಬೆಳಿಗ್ಗೆಯೊಳಗೆ ಮರಳಿ ಮಗ್ಗದ ಮುಂದೆ ನಿಲ್ಲುವಂತಿರಬೇಕು. ಮಗ್ಗ ಒಂದು ದಿನಕ್ಕಿಂತ ಹೆಚ್ಚು ಸುಮ್ಮನಿರಕೂಡದು.

ಸಂಬಂಧ ತಂದ ಯೋಗಾನಂದ ಮೊಬೈಲ್ ತೆಗೆದು ತೋರಿಸಿದ. ದೂರ ಸುಮಾರು ಸಾವಿರ ಕಿಲೋಮೀಟರ್, ಆದರೆ ವಿಮಾನದಲ್ಲಿ ಎರಡೇ ಗಂಟೆ. ಇಲ್ಲಿಂದ ಮೆಜೆಸ್ಟಿಕ್ಕಿಗೆ ಹೋಗಲೂ ಅಷ್ಟೇ ಬೇಕೆಂದ. ಅಂಜನಮ್ಮನವರ ಮುಖ ಅರಳಿತು. ಕೈ ತಾಂಬೂಲದ ತಟ್ಟೆಯತ್ತ ಹೋಯಿತು.

ಮೇಷ್ಟರಾದ ನಾನು ತಡೆದೆ. ಹೆಣ್ಣು ಕೊಡುವ ಮನೆಯಲ್ಲಿ ಅರ್ಧ ಸತ್ಯವನ್ನು ಮಾರುವುದು ಸುಳ್ಳಿಗಿಂತಲೂ ಕೀಳು, ಸುಳ್ಳಾದರೂ ಸಿಕ್ಕಿಬೀಳುತ್ತದೆ. ಎರಡು ಗಂಟೆ ವಿಮಾನದ ಲೆಕ್ಕ, ಮನುಷ್ಯನದಲ್ಲ. ಮನುಷ್ಯ ದೇವನಹಳ್ಳಿಯ ನಿಲ್ದಾಣ ಸೇರಬೇಕು, ತಪಾಸಣೆಯ ಸಾಲಿನಲ್ಲಿ ಬೆಲ್ಟು ಬಿಚ್ಚಿ ನಿಲ್ಲಬೇಕು, ಇಳಿದ ಮೇಲೆ ತನ್ನ ಪೆಟ್ಟಿಗೆಗಾಗಿ ಕಾಯಬೇಕು. ಇದನ್ನೆಲ್ಲ ನುಂಗಿಕೊಂಡು ಮುದುಕಿಯ ಒಪ್ಪಿಗೆ ಪಡೆಯುವುದು ಯಾವ ನ್ಯಾಯವೆಂದು ಕೇಳಿದೆ.

“ಏನ್ ಸಾರ್, ಮೊಬೈಲ್‌ಗೂ ಮಾರ್ಕ್ಸ್ ಕಟ್ ಮಾಡ್ತೀರಾ?” ಎಂದ ಯೋಗಾನಂದ.

ಅಂಜನಮ್ಮನವರ ಕೈ ತಟ್ಟೆಯಿಂದ ಹಿಂದೆ ಸರಿದಿತ್ತು. ಅಡುಗೆಮನೆಯ ಬಾಗಿಲಲ್ಲಿ ಸಿಂಧು ಅಳು ನುಂಗಿಕೊಂಡು ನಿಂತಿದ್ದಳು.

“ಮಾವ, ನಿಮ್ ಸತ್ಯಾನ ಮದ್ವೆ ಆದ್ಮೇಲೆ ಹೇಳಿದ್ರೆ ಆಗ್ತಿರ್ಲಿಲ್ವಾ?”

ನನಗೂ ಸಂಕಟವಾಯಿತು. ಆದರೂ ಮಾತು ಹಿಂದೆಗೆದುಕೊಳ್ಳಲಿಲ್ಲ. ಹುಡುಗನಿಗೇ ಫೋನ್ ಮಾಡಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿ, ನಿಜವಾಗಿ ಎಷ್ಟು ಹೊತ್ತಾಗುತ್ತದೆಂದು ಕೇಳಿದೆ. ಅಜ್ಜಿಯ ನಿಯಮ ಅವನಿಗೂ ಗೊತ್ತಿತ್ತು. ಎರಡು ಎಂದುಬಿಟ್ಟರೆ ಅವನ ಕೆಲಸ ಸಲೀಸು.

“ಮನೆಯಿಂದ ಮನೆಗೆ ಏಳು ಗಂಟೆ ಹಿಡಿಯುತ್ತೆ ಸಾರ್,” ಎಂದ ನವೀನ್‌ಕುಮಾರ್. “ಎರಡು ಅಂತ ಯಾರಾದ್ರೂ ಹೇಳಿದ್ರೆ ಅಜ್ಜಿಗೆ ನಂಬ್ಬೇಡಿ ಅನ್ನಿ.”

ಯೋಗಾನಂದ ತಲೆಯ ಮೇಲೆ ಕೈ ಹೊತ್ತ. ಈ ಹುಡುಗನಿಗೆ ಕೊಡದೆ ಮತ್ತಾರಿಗೆ ಕೊಡಬೇಕು ಎಂದು ನನ್ನ ಮನಸ್ಸು ಕೂಗಿತು. ಆದರೆ ತೀರ್ಮಾನ ನನ್ನದಾಗಿರಲಿಲ್ಲ. ಅಂಜನಮ್ಮನವರು ಬೆರಳಿನ ಗೆಣ್ಣುಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು.

“ಹೋಗೋಕೆ ಏಳು, ಬರೋಕೆ ಏಳು. ಇನ್ನೂ ಹತ್ತು ಗಂಟೆ ಉಳೀತಲ್ಲಪ್ಪಾ,” ಎಂದರು. “ಬೀಗರ ಮನೇಲಿ ಅಷ್ಟೊತ್ತು ಕೂತ್ಕೊಂಡ್ರೆ ನಮ್ ಮರ್ಯಾದೆ ಏನಾಗ್ಬೇಕು?”

ಅವರ ಕೈ ಮತ್ತೆ ತಾಂಬೂಲದ ತಟ್ಟೆಯತ್ತ ಹೋಯಿತು. ಮನೆಯೆಲ್ಲ ನಕ್ಕಿತು. ನಾನು ಮಾತ್ರ, ಯೋಗಾನಂದ ಸರಿಯಾದ ಲೆಕ್ಕವನ್ನು ತನ್ನ ಬಾಯಿಂದಲೇ ಹೇಳುವ ತನಕ ತಾಂಬೂಲ ಬದಲಾಗಕೂಡದೆಂದು ಪಟ್ಟು ಹಿಡಿದೆ. ಪಾಪ, ಎರಡು ಸಲ ಹೇಳಿದ.

ಅಷ್ಟರಲ್ಲಿ ಸಿಂಧು ನನ್ನ ಫೋನನ್ನು ಎತ್ತಿಕೊಂಡು ಒಳಕೋಣೆ ಸೇರಿದ್ದಳು. ಕರೆ ಇನ್ನೂ ಕಡಿದಿರಲಿಲ್ಲ. ಫೋನನ್ನು ಮರಳಿ ಕೇಳುವುದು ಸಭ್ಯತೆಯಲ್ಲವೆಂದು ಸಂಜೆಯವರೆಗೂ ಜಗುಲಿಯಲ್ಲೇ ಕುಳಿತೆ.